ಒಂದು ಬೀಜದ ಕುದುರಿ ಇಡೀ ಕುಲಕ್ಕ ಅಜ್ಜ ಆದದ್ದು: ನಾರ್ದರ್ನ್ ಡ್ಯಾನ್ಸರ್ ಪ್ರಕರಣ

2020ರಾಗ ಥರೋಬ್ರೆಡ್ ರೇಸ್ ಕುದುರಿಗಳ ವಂಶ ಮತ್ತ ಜೀನು ಎರಡನ್ನೂ ಕೂಡಿಸಿ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಬ್ಯಾರೆ ಬ್ಯಾರೆ ಖಂಡದ ಹತ್ತು ಸಾವಿರಕ್ಕೂ ಹೆಚ್ಚು ಕುದುರಿ ಲೆಕ್ಕಕ್ಕ ತಗೊಂಡಿದ್ರು, ಅದರಾಗ ನೂರಕ್ಕ 97 ಕುದುರಿಗಳ ವಂಶಾವಳಿಯಾಗ ಒಂದ ಗಂಡು ಕುದುರಿ ಹೆಸರು ಸಿಕ್ತು, ನಾರ್ದರ್ನ್ ಡ್ಯಾನ್ಸರ್. 1961ರಾಗ ಕೆನಡಾದಾಗ ಹುಟ್ಟಿದ್ದು. ಅಂದ್ರ ಒಂದು ಕುದುರಿ ಜಗತ್ತಿನ ಹೆಚ್ಚುಕಡಿಮಿ ಎಲ್ಲಾ ರೇಸ್ ಕುದುರಿಗೂ ಅಜ್ಜನೋ ಮುತ್ತಜ್ಜನೋ ಆಗಾಕ ಅರವತ್ತು ವರ್ಷ ಸಾಕಾತು.

ರಾಯಚೂರು ಜಿಲ್ಲಾದಾಗ ಕುಂತು ಇದನ್ನ ಯಾಕ ಬರೀತೀನಿ ಅಂದ್ರ, ನಮ್ಮ ಲಿಂಗಸೂರು, ಸಿಂಧನೂರು, ಆ ಕಡೆ ಕೊಪ್ಪಳದ ಗಂಗಾವತಿ, ಇದು ಕೆಂಗುರಿ ತಳಿಯ ಸ್ವಂತ ಸೀಮಿ, ಇಲ್ಲಿ ಕುರಿ ಸಾಕೋರಿಗೆ ಒಳ್ಳೆ ಟಗರು ಅಂದ್ರ ಪ್ರಾಣ. ಆದ್ರ ಯಾವ ಟಗರಿನ ಮರಿ ಯಾವುದು, ಆ ಮರಿಗೆ ಹುಟ್ಟಿದ್ದು ಯಾವುದು ಅನ್ನೋದು ಹಿರಿಯರ ತಲಿಯಾಗ ಅಷ್ಟ ಇರ್ತೈತಿ, ಎರಡು ಮೂರು ತಲಿಮಾರು ಆದಮ್ಯಾಲ ಅದೂ ಹೋಗ್ತೈತಿ. ಥರೋಬ್ರೆಡ್ ಮಂದಿ ಹಂಗಲ್ಲ, 1791ರಿಂದ ಜನರಲ್ ಸ್ಟಡ್ ಬುಕ್ ಅಂತ ಪುಸ್ತಕ ಇಟ್ಟಾರ, ಹುಟ್ಟಿದ ಪ್ರತಿಯೊಂದು ಮರಿಗೆ ಅಪ್ಪ ಯಾರು ಅವ್ವ ಯಾರು ಅಂತ ಬರದಾರ. ಹಿಂಗಾಗಿ ಒಂದ ಗಂಡಿನ ಹಿಂದ ಎಲ್ಲಾರೂ ಬಿದ್ರ ಅರವತ್ತು ವರ್ಷಕ್ಕ ಏನಾಗ್ತೈತಿ ಅನ್ನೋದಕ್ಕ ದಾಖಲಿ ಸಮೇತ ಸಿಗೋ ಪ್ರಕರಣ ಇದು, ಇಷ್ಟು ಸ್ಪಷ್ಟ ಇರೋದು ಬ್ಯಾರೆ ಯಾವ ಪ್ರಾಣಿದೂ ನಾನು ಕಂಡಿಲ್ಲ.

ಮೊದಲು ಹುಟ್ಟು. ಇ.ಪಿ. ಟೇಲರ್ ಅಂತ ಕೆನಡಾದ ದೊಡ್ಡ ಉದ್ಯಮಿ, ಒಶಾವಾ ಊರಾಗ ವಿಂಡ್‌ಫೀಲ್ಡ್ಸ್ ಅನ್ನೋ ಸ್ಟಡ್ ಫಾರ್ಮ್ (ಕುದುರಿ ತಳಿ ಬೆಳೆಸೋ ಜಾಗ) ಅವರದು. 1952ರಾಗ ಇಂಗ್ಲೆಂಡಿನ ನ್ಯೂಮಾರ್ಕೆಟ್ ಹರಾಜಿನಾಗ ಲೇಡಿ ಆಂಜೆಲಾ ಅನ್ನೋ ಹೆಣ್ಣುಕುದುರಿ ತಗೊಂಡ್ರು, ಇಟಲಿಯ ನಿಯರ್ಕೋ ಅನ್ನೋ ಗಂಡಿಗೆ ಆಕಿಗೆ 1954ರಾಗ ಹುಟ್ಟಿದ್ದು ನಿಯರ್ಕ್ಟಿಕ್, ಅವನ ನಮ್ಮ ಕುದುರಿಯ ಅಪ್ಪ. ಅವ್ವ ನಟಾಲ್ಮಾ, ನೇಟಿವ್ ಡ್ಯಾನ್ಸರ್ ಮಗಳು, ಆ ನೇಟಿವ್ ಡ್ಯಾನ್ಸರ್ 22 ಓಟದಾಗ 21 ಗೆದ್ದವ. ನಟಾಲ್ಮಾ 1960ರಾಗ ಕೆಂಟಕಿ ಓಕ್ಸ್ ಅನ್ನೋ ದೊಡ್ಡ ರೇಸ್ ಓಡಬೇಕಿತ್ತು, ಅಷ್ಟರಾಗ ಮೊಣಕಾಲಿಗೆ ಪೆಟ್ಟಾತು, ಓಟ ಬಂದ್ ಆತು. ಸೀಸನ್ ಮುಗಿಯಾಕ ಬಂದಿತ್ತು, ಜೂನ್ ಕೊನಿಗೆ ಆಕಿನ್ನ ನಿಯರ್ಕ್ಟಿಕ್ ಹತ್ರ ಬಿಟ್ರು, ಅವನಿಗೆ ಅದು ಬೀಜದ ಕುದುರಿಯಾಗಿ ಮೊದಲನೇ ವರ್ಷ. ಹನ್ನೊಂದು ತಿಂಗಳಿಗೆ, 1961ರ ಮೇ 27ಕ್ಕ ಮರಿ ಬಿತ್ತು. ಕುದುರಿ ಲೋಕದಾಗ ಮೇ ಕೊನಿ ಅಂದ್ರ ಭಾಳ ತಡ, ಯಾಕಂದ್ರ ಎಲ್ಲಾ ಮರಿಗೂ ಜನವರಿ 1ಕ್ಕ ಒಂದು ವರ್ಷ ಅಂತ ಲೆಕ್ಕ ಹಾಕ್ತಾರ, ತಡವಾಗಿ ಹುಟ್ಟಿದ್ದು ತನ್ನ ಜೋಡಿಯವಕ್ಕಿಂತ ಸಣ್ಣದಾಗಿ ಕಾಣ್ತೈತಿ.

ಇವ ಸಣ್ಣವನೂ ಇದ್ದ, ಗಿಡ್ಡನೂ ಇದ್ದ. ಟೇಲರ್ ಅವರು ವರ್ಷದ ಮರಿಗಳಿಗೆಲ್ಲ ರೇಟ್ ಕಟ್ಟಿ ಮಾರಾಕ ಇಡ್ತಿದ್ರು, ಇವನಿಗೆ 25,000 ಡಾಲರ್ ಹೇಳಿದ್ರು, ಒಬ್ಬರೂ ಕೇಳಲಿಲ್ಲ. ಮನಿಯಾಗ ಉಳೀತು. ಮುಂದ ಸ್ವಭಾವ ಭಾಳ ಒರಟು ಅಂತ ಟ್ರೇನರ್ ಹೊರಾಶಿಯೋ ಲುರೋ ಅವರು ಬೀಜ ಒಡಿಸಿಬಿಡೋಣ ಅಂದ್ರು, ಟೇಲರ್ ಬ್ಯಾಡ ಅಂದ್ರು. ಈ ಒಂದು ಮಾತಿನ ಮ್ಯಾಲ ಮುಂದಿನದೆಲ್ಲ ನಿಂತೈತಿ. ನಮ್ಮಲ್ಲೂ ಗಂಡುಮರಿ ಆರಿಸೋವಾಗ ಮೊದಲ ಮೂರು ತಿಂಗಳಾಗ ದಪ್ಪ ಕಂಡದ್ದು ಉಳಸ್ಕೊಂಡು ಸಣ್ಣದ್ದನ್ನ ಸಂತಿಗೆ ಹೊಡಿತಾರ. ಆದ್ರ ತಡವಾಗಿ ಹುಟ್ಟಿದ್ದಕ್ಕ ಸಣ್ಣದೋ, ರಕ್ತದಾಗ ಸಣ್ಣದೋ ಅಂತ ಕೇಳೋರು ಕಡಿಮಿ.

ಓಟದ ಕತಿ ಉದ್ದ ಮಾಡಂಗಿಲ್ಲ. 18 ಓಟ, 14 ಗೆಲುವು, ಉಳಿದ ನಾಲ್ಕರಾಗೂ ಎರಡನೇದು ಇಲ್ಲಾ ಮೂರನೇದು. 1964ರಾಗ ಕೆಂಟಕಿ ಡರ್ಬಿ ಸರಿಯಾಗಿ 2 ನಿಮಿಷದಾಗ ಮುಗಿಸಿದ, ಆ ದಾಖಲಿ 1973ರಾಗ ಸೆಕ್ರೆಟೇರಿಯಟ್ ಅನ್ನೋ ಕುದುರಿ ಬರೋತನಕ ಉಳೀತು. ಪ್ರೀಕ್‌ನೆಸ್ ಗೆದ್ದ, ಬೆಲ್ಮಾಂಟ್‌ದಾಗ ಮೂರನೇದು ಬಂದ, ಊರಿಗೆ ಬಂದು ಕ್ವೀನ್ಸ್ ಪ್ಲೇಟ್ ಗೆದ್ದ, ಆಮ್ಯಾಲ ಕಾಲಿನ ಸ್ನಾಯುರಜ್ಜಿಗೆ (ಟೆಂಡನ್) ಪೆಟ್ಟಾಗಿ ಓಟ ನಿಂತು ಹೋತು.

1965ರಾಗ ಒಶಾವಾದಾಗ ಬೀಜದ ಕುದುರಿಯಾಗಿ ನಿಂತ, ಒಂದು ಹೆಣ್ಣಿಗೆ ಬಿಡಾಕ ಫೀ 10,000 ಡಾಲರ್. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ನಮ್ಮಲ್ಲಿ ಎಮ್ಮಿ, ಆಕಳಿಗೆ ದವಾಖಾನಿಯಾಗ ಸೆಮೆನ್ ಹಾಕಿಸ್ತೀವಿ, ಥರೋಬ್ರೆಡ್‌ನಾಗ ಅದಕ್ಕ ಅವಕಾಶನ ಇಲ್ಲ. ಗಂಡು-ಹೆಣ್ಣು ನೇರ ಕೂಡಿದ್ರಷ್ಟ ಮರಿಗೆ ಸ್ಟಡ್ ಬುಕ್ಕಿನಾಗ ಜಾಗ. ಹಿಂಗಾಗಿ ಒಂದು ಗಂಡಿಗೆ ವರ್ಷಕ್ಕ ಎಷ್ಟು ಹೆಣ್ಣು ಅನ್ನೋದಕ್ಕ ಮೈಯ ಶಕ್ತಿನ ಒಂದು ಮಿತಿ ಇತ್ತು, ಆ ಕಾಲದಾಗ ಮೂವತ್ತು ನಲವತ್ತು ಅಂದ್ರ ತುಂಬಿದ ಲೆಕ್ಕ. ಇವನ ಮೊದಲ ಬ್ಯಾಚಿನಾಗ ವೈಸ್‌ರೀಗಲ್ ಅನ್ನೋ ಮಗ ಬಂದ, 1968ಕ್ಕ ಕೆನಡಾದ ವರ್ಷದ ಕುದುರಿ ಆದ. ಆದ್ರ ಕೆನಡಾದಾಗ ಗೆದ್ದದ್ದನ್ನ ಯುರೋಪಿನ ಮಂದಿ ಅಷ್ಟಾಗಿ ಲೆಕ್ಕಕ್ಕ ಹಿಡೀತಿರಲಿಲ್ಲ.

ಅದನ್ನ ತಿರುವಿದ್ದು ಎರಡನೇ ಬ್ಯಾಚು. ಐರ್ಲೆಂಡಿನ ಟ್ರೇನರ್ ವಿನ್ಸೆಂಟ್ ಓಬ್ರಿಯನ್ ಅವರು ವಿಂಡ್‌ಫೀಲ್ಡ್ಸ್‌ಗೆ ಬಂದದ್ದು ರಿಬೋ ಅನ್ನೋ ಬ್ಯಾರೆ ಗಂಡಿನ ಮರಿ ನೋಡಾಕ. ಅದು ಮನಸಿಗೆ ಬರಲಿಲ್ಲ, ಬಾಜೂಕ ನಿಂತಿದ್ದ ನಾರ್ದರ್ನ್ ಡ್ಯಾನ್ಸರ್ ಮಗ ಕಣ್ಣಿಗೆ ಬಿದ್ದ, ಅವನ್ನ ತಗೋರಿ ಅಂತ ಮಾಲಕರಾದ ಚಾರ್ಲ್ಸ್ ಎಂಗಲ್‌ಹಾರ್ಡ್ ಅವರಿಗೆ ಹೇಳಿದ್ರು, 84,000 ಡಾಲರಿಗೆ ಆತು. ಅವನ ನಿಜಿನ್ಸ್ಕಿ. 1970ರಾಗ ಇಂಗ್ಲೆಂಡಿನ ಟ್ರಿಪಲ್ ಕ್ರೌನ್, ಅಂದ್ರ ಒಂದ ವರ್ಷದಾಗ ಮೂರು ದೊಡ್ಡ ರೇಸ್ ಗೆದ್ದ, 1935ರ ಬಹ್ರಾಮ್ ಆದಮ್ಯಾಲ ಅದ ಮೊದಲು, ಅಲ್ಲಿಂದ ಇಲ್ಲಿತನಕ ಇನ್ನೊಂದು ಕುದುರಿಗೆ ಆಗಿಲ್ಲ. ಅದ ವರ್ಷ ಅಪ್ಪನ್ನ 24 ಲಕ್ಷ ಡಾಲರಿಗೆ ಷೇರು ಮಾಡಿ ಹಂಚಿದ್ರು. ಅಷ್ಟೊತ್ತಿಗೆ ಅವನ್ನ ಅಮೆರಿಕದ ಮೇರಿಲ್ಯಾಂಡಿಗೆ ತಂದಾಗಿತ್ತು, ಕೆಂಟಕಿಯ ಒಳ್ಳೊಳ್ಳೆ ಹೆಣ್ಣುಕುದುರಿಗಳು ಅಲ್ಲಿಗೆ ಬರಾಕ ಸಲೀಸು. ಗಿಡ್ಡ ಇದ್ದಿದ್ದರಿಂದ ಎತ್ತರದ ಹೆಣ್ಣು ಬಂದ್ರ ನೆಲದ ಏರು-ತಗ್ಗು ನೋಡಿ ನಿಲ್ಲಸಬೇಕಾಗ್ತಿತ್ತಂತ.

ಮುಂದ ನಡೆದದ್ದು ರೊಕ್ಕದ ಆಟ, ಅದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ರಕ್ತ ಹರಡಿದ್ದು ರೊಕ್ಕದ ದಾರ್ಯಾಗ. 1975ರ ಹೊತ್ತಿಗೆ ಓಬ್ರಿಯನ್, ಅವರ ಅಳಿಯ ಜಾನ್ ಮ್ಯಾಗ್ನಿಯರ್, ರೊಕ್ಕ ಹಾಕೋ ರಾಬರ್ಟ್ ಸ್ಯಾಂಗ್‌ಸ್ಟರ್ ಮೂವರೂ ಕೂಡಿ ಒಂದು ಲೆಕ್ಕ ಹಾಕಿದ್ರು. ರೇಸ್ ಗೆದ್ದ ಬಹುಮಾನದಾಗ ಲಾಭ ಇಲ್ಲ, ಗೆದ್ದ ಕುದುರಿಯನ್ನ ಬೀಜದ ಕುದುರಿ ಮಾಡಿದ್ರ ಲಾಭ, ಅದಕ್ಕ ನಾರ್ದರ್ನ್ ಡ್ಯಾನ್ಸರ್ ಗಂಡುಮರಿಗಳನ್ನ ಸಣ್ಣದಿದ್ದಾಗ ಹಿಡೀಬೇಕು ಅಂತ. ದಿ ಮಿನ್‌ಸ್ಟ್ರೆಲ್ ಅನ್ನೋನು 2 ಲಕ್ಷ ಡಾಲರಿಗೆ ಬಂದ, 1977ರಾಗ ಎಪ್ಸಮ್ ಡರ್ಬಿ ಗೆದ್ದ, 90 ಲಕ್ಷ ಡಾಲರಿನ ಲೆಕ್ಕದಾಗ ಬೀಜದ ಕುದುರಿಯಾಗಿ ವಾಪಸ್ ಹೋದ. ಇದನ್ನ ನೋಡಿ ದುಬೈ ಶೇಖರು ಇಳಿದ್ರು. 1983ರ ಕೀನ್‌ಲ್ಯಾಂಡ್ ಹರಾಜಿನಾಗ ಸ್ನಾಫಿ ಡ್ಯಾನ್ಸರ್ ಅನ್ನೋ ವರ್ಷದ ಮರಿ 1 ಕೋಟಿ 2 ಲಕ್ಷ ಡಾಲರಿಗೆ ಹೋತು, ಆವಾಗ ಜಗತ್ತಿನಾಗ ಕೋಟಿ ದಾಟಿದ ಮೊದಲ ಮರಿ ಅದು. ಆ ಕುದುರಿ ಒಂದು ಓಟಾನೂ ಓಡಲಿಲ್ಲ, ಬೀಜಕ್ಕ ಬಿಟ್ರ ಗಬ್ಬ ಸರಿಯಾಗಿ ನಿಲ್ಲಲಿಲ್ಲ, ಹುಟ್ಟಿದ್ದು ನಾಕ ಮರಿ. 1984ರಾಗ ಅದ ಹರಾಜಿನಾಗ ನಾರ್ದರ್ನ್ ಡ್ಯಾನ್ಸರ್‌ನ 12 ಮರಿ ಸರಾಸರಿ 34 ಲಕ್ಷ ಡಾಲರ್ ಮ್ಯಾಲ ಮಾರಿದ್ವು.

ಫೀ 10 ಲಕ್ಷ ಡಾಲರ್ ಮುಟ್ತು, ಅದೂ ಮರಿ ಹುಟ್ಟೇ ಹುಟ್ತೈತಿ ಅನ್ನೋ ಗ್ಯಾರಂಟಿ ಇಲ್ಲದ. 20 ವರ್ಷದ ಮುದಿಗುದುರಿಗೆ 4 ಕೋಟಿ ಡಾಲರ್ ಕೊಡ್ತೀವಿ ಅಂತ ಬಂದವರಿಗೆ ಷೇರುದಾರರು ಇಲ್ಲ ಅಂದ್ರು. 1987ರಾಗ ಸೇವೆ ನಿಲ್ಲಿಸಿದ್ರು, 1990ರ ನವೆಂಬರ್ 16ಕ್ಕ ಸತ್ತ, ಹುಟ್ಟಿದ ಒಶಾವಾಕ್ಕ ಒಯ್ದು ಮಣ್ಣು ಮಾಡಿದ್ರು. ಒಟ್ಟು ಮರಿ 650ಕ್ಕಿಂತ ಕಡಿಮಿ, ಅದರಾಗ 145ಕ್ಕಿಂತ ಹೆಚ್ಚು ದೊಡ್ಡ ದರ್ಜೆಯ ಸ್ಟೇಕ್ಸ್ ರೇಸ್ ಗೆದ್ದವು, ಅಂದ್ರ ಐದಕ್ಕ ಒಂದಕ್ಕಿಂತ ಜಾಸ್ತಿ. ಬ್ಯಾರೆ ಒಳ್ಳೆ ಗಂಡುಗಳು ಹತ್ತಕ್ಕ ಒಂದು ಕೊಟ್ರ ಹೆಸರು ಆಗ್ತೈತಿ.

ಈಗ ಪ್ರಕರಣದ ನಿಜವಾದ ಪ್ರಶ್ನೆ. ಇಪ್ಪತ್ತು ವರ್ಷ ಮ್ಯಾಲ ದುಡಿದು 650 ಮರಿ ಕೊಡದಾಂವ, ವರ್ಷಕ್ಕ ಮೂವತ್ತರ ಆಸುಪಾಸು, ಅಂಥಾಂವ 97 ಪರ್ಸೆಂಟಿಗೆ ಹೆಂಗ ಮುಟ್ಟಿದ? ತಾನ ಹರಡಲಿಲ್ಲ, ಗಂಡುಮಕ್ಕಳು ಹರಡಿದ್ರು. ನಮ್ಮ ತುಂಗಭದ್ರಾ ಡ್ಯಾಂ ನೀರು ಮಾನ್ವಿ ಹೊಲಕ್ಕ ಬರೋದು ಡ್ಯಾಮಿನಿಂದ ನೇರ ಅಲ್ಲ, ಎಡದಂಡಿ ಕಾಲುವಿ, ಅದರ ಉಪಕಾಲುವಿ, ಅದರ ತೂಬು ದಾಟಿ ಬರ್ತೈತಿ, ಇದೂ ಹಂಗ. ಮತ್ತ ಒಬ್ಬೊಬ್ಬ ಮಗ ಒಂದೊಂದು ನಮೂನಿ ಇದ್ದ, ಒಂದೊಂದು ದೇಶ ಹಿಡಿದ. ಸ್ಯಾಡ್ಲರ್ಸ್ ವೆಲ್ಸ್ ದೂರದ ಓಟದ ರಕ್ತ, ಬ್ರಿಟನ್-ಐರ್ಲೆಂಡಿನಾಗ 14 ಸಲ ಚಾಂಪಿಯನ್ ಸೈರ್ (ಆ ವರ್ಷ ಮಕ್ಕಳ ಗೆಲುವಿನ ಲೆಕ್ಕದಾಗ ಮೊದಲನೇ ಅಪ್ಪ) ಆದ, ಅವನ ಮಗ ಗೆಲಿಲಿಯೋ 12 ಸಲ. ಡ್ಯಾನ್ಜಿಗ್ ಬರೇ ಮೂರು ಓಟ ಓಡಿದ್ದ, ಮೂರೂ ಗೆದ್ದಿದ್ದ, ಅವನ ಮಗ ಡೇನ್‌ಹಿಲ್ ಆಸ್ಟ್ರೇಲಿಯಾದಾಗ 9 ಸಲ ಚಾಂಪಿಯನ್. ಸ್ಟಾರ್ಮ್ ಬರ್ಡ್‌ನಿಂದ ಸ್ಟಾರ್ಮ್ ಕ್ಯಾಟ್, ವೈಸ್ ರೀಜೆಂಟ್‌ನಿಂದ ಡೆಪ್ಯೂಟಿ ಮಿನಿಸ್ಟರ್, ಇವೆರಡೂ ಅಮೆರಿಕ ಹಿಡಿದ್ವು. ಜಪಾನಿಗೆ ನಾರ್ದರ್ನ್ ಟೇಸ್ಟ್ ಹೋದ, ಅಲ್ಲಿ 10 ಸಲ ಮೊದಲನೇ ಜಾಗ.

ನಮ್ಮ ದೇಶಕ್ಕ ಖುದ್ದು ಮಗನ ಬಂದಾನ. ರಝೀನ್, 1990ರ ಎಪ್ಸಮ್ ಡರ್ಬಿಯಾಗ ಫೇವರಿಟ್ ಇದ್ದವ, ಅಲ್ಲಿ ಸೋತ, ಆಮ್ಯಾಲ ಇಲ್ಲಿ ಉಷಾ ಸ್ಟಡ್‌ದಾಗ ನಿಂತು ಭಾರತದ ಚಾಂಪಿಯನ್ ಸೈರ್ ಆದ. ಅದ ಫಾರ್ಮಿಗೆ ಬಂದ ಮಲ್ಟಿಡೈಮೆನ್ಷನಲ್ ಡೇನ್‌ಹಿಲ್ ಮಗ, ಅಂದ್ರ ನಾರ್ದರ್ನ್ ಡ್ಯಾನ್ಸರ್‌ಗ ಮರಿಮೊಮ್ಮಗ. ಬೆಂಗಳೂರು, ಮೈಸೂರು ರೇಸಿನ ಪುಸ್ತಕ ತಗದು ಅಪ್ಪ-ಅಜ್ಜನ ಹೆಸರು ಹಿಂದಕ್ಕ ನೋಡ್ಕೋತ ಹೋದ್ರ ಅಲ್ಲೂ ಇದ ಕುದುರಿ ಸಿಗ್ತೈತಿ.

ರಕ್ತದಾಗ ಏನು ಇತ್ತು ಅನ್ನೋದಕ್ಕೂ ಅರ್ಧ ಉತ್ತರ ಸಿಕ್ಕೈತಿ. ಮಯೋಸ್ಟಾಟಿನ್ ಅಂತ ಒಂದು ಜೀನ್ ಐತಿ, ಅದರ ಒಂದು ರೂಪ ಇದ್ರ ಸ್ನಾಯು ಬೇಗ ತುಂಬಿ ಸಣ್ಣ ದೂರದ ಓಟಕ್ಕ ವೇಗ ಬರ್ತೈತಿ. 2012ರ ಒಂದು ಸಂಶೋಧನಿ ಪ್ರಕಾರ ಆ ರೂಪ ಸುಮಾರು 300 ವರ್ಷದ ಹಿಂದ ಬ್ರಿಟನ್ನಿನ ಒಂದು ಹೆಣ್ಣುಕುದುರಿಯಿಂದ ಈ ಕುಲಕ್ಕ ಬಂದದ್ದು, ಈಚಿಗೆ ಅದು ಇಷ್ಟು ಹರಡಿದ್ದು ನಿಯರ್ಕ್ಟಿಕ್ ಮತ್ತ ಅವನ ಮಗ ನಾರ್ದರ್ನ್ ಡ್ಯಾನ್ಸರ್ ದಾರ್ಯಾಗ. ಎಲ್ಲಾ ಕೀರ್ತಿ ಗಂಡಿಗೆ ಕೊಡೋರು ಈ ಹೆಣ್ಣಿನ ಮಾತನ್ನ ಒಂದು ಸಲ ಓದಬೇಕು ಅನ್ನಸ್ತೈತಿ ನನಗ.

ಹೆಣ್ಣಿನ ಕಡಿಂದ ಇನ್ನೊಂದು ಮುಖ್ಯ ವಿಷಯ, ಇದನ್ನ ಬರೀಬೇಕಂತನ ನಾನು ಕುಂತದ್ದು. ಡೇನ್‌ಹಿಲ್ ಅಪ್ಪನ ಕಡೆ ಮೂರನೇ ತಲಿಮಾರಿನಾಗ ನಟಾಲ್ಮಾ ಅದಾಳ, ಅವ್ವನ ಕಡೆನೂ ಮೂರನೇ ತಲಿಮಾರಿನಾಗ ಅದ ನಟಾಲ್ಮಾ. ಇನ್ನ ಫ್ರಾಂಕೆಲ್, 2010ರಿಂದ 2012ರತನಕ 14ಕ್ಕ 14 ಗೆದ್ದ ಕುದುರಿ, ಅವನ ಅಪ್ಪ ಗೆಲಿಲಿಯೋ, ಅವ್ವ ಡೇನ್‌ಹಿಲ್ ಮಗಳು, ಹಿಂಗಾಗಿ ಅಪ್ಪನ ಕಡೆ ಮೂರನೇದಾಗ, ಅವ್ವನ ಕಡೆ ನಾಲ್ಕನೇದಾಗ ನಾರ್ದರ್ನ್ ಡ್ಯಾನ್ಸರ್. ಎನೇಬಲ್ ಅನ್ನೋ ಹೆಣ್ಣುಕುದುರಿ ಫ್ರಾನ್ಸಿನ ಆರ್ಕ್ ಅನ್ನೋ ದೊಡ್ಡ ರೇಸ್ ಎರಡು ಸಲ ಗೆದ್ದಾಕಿ, ಆಕಿಗೆ ಸ್ಯಾಡ್ಲರ್ಸ್ ವೆಲ್ಸ್ ಒಂದು ಕಡಿಂದ ಮುತ್ತಜ್ಜ, ಇನ್ನೊಂದು ಕಡಿಂದ ಅಜ್ಜ. ರಕ್ತಸಂಬಂಧ ಇದ್ರ ಮರಿ ಹಾಳು ಅಂತ ಸೀದಾ ಹೇಳಾಕ ಬರಂಗಿಲ್ಲ, ಜಗತ್ತಿನ ಒಳ್ಳೊಳ್ಳೆ ಕುದುರಿ ಹಿಂಗ ಹುಟ್ಟ್ಯಾವ.

ಇದನ್ನ ನಾನು ನಮ್ಮ ದೊಡ್ಡಪ್ಪಗ ಹೇಳಿದೆ, ಅವರು ಹುಟ್ಟಿದಾಗಿಂದ ಕುರಿ ಹಿಂದ ಇದ್ದವರು.

“ಅಲ್ಲ ತಮ್ಮಾ, ಅವನ ಮಗಳಿಗೆ ಅವನ್ನ ಬಿಟ್ಟರೇನು?”

“ಇಲ್ರಿ ದೊಡ್ಡಪ್ಪ, ಹಂಗ ಬಿಡಲಿಲ್ಲ. ಮೊಮ್ಮಗಂಗ ಮರಿಮೊಮ್ಮಗಳು, ಅಷ್ಟು ದೂರ ನೋಡೇ ಬಿಟ್ಟಾರ.”

“ಮತ್ತೇನು, ದೂರ ಆತಲ್ಲ.”

“ಒಬ್ರು ಮಾಡಿದ್ರ ದೂರ. ಊರ ಮಂದಿ ಎಲ್ಲಾ ಅದನ್ನ ಮಾಡಿದ್ರ ಮುಂದ ಬ್ಯಾರೆ ರಕ್ತದ್ದು ಯಾರ ಹಟ್ಟಿಯಾಗ ಸಿಗಬೇಕ್ರಿ?”

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ ತಮ್ಮ ಹಿಂಡಿನ ಕಡೆ ಬಂದ್ರು. ಎರಡು ಮೂರು ಹಳ್ಯಾಗ ಈಗ ಓಡಾಡೋ ಬೀಜದ ಟಗರು ಎಲ್ಲಾ ಒಂದ ಹೆಸರುವಾಸಿ ಟಗರಿನ ಮಕ್ಕಳು ಅಂತ ಅವರ ಬಾಯಿಂದನ ಬಂತು. ಮಂದಿ ಯಾರೂ ತಪ್ಪು ಮಾಡಿಲ್ಲ, ಮೈಕಟ್ಟು ನೋಡಿ, ಕೋಡು ನೋಡಿ, ರಾಯಚೂರು ಕೃಷಿ ಮೇಳದಾಗ ಕಟ್ಟಿದ ಟಗರು ನೋಡಿ, ಇರೋದರಾಗ ಚೊಲೋದು ತಂದಾರ. ಎಲ್ಲಾರೂ ಚೊಲೋದು ತಂದಿದ್ದಕ್ಕ ಎಲ್ಲಾರ ಹತ್ರ ಒಂದ ಆಗೈತಿ.

ಲೆಕ್ಕ ಇಡಾಕ ಬರ್ತೈತಿ. ಅಪ್ಪ-ಮಗಳು ಕೂಡಿದ್ರ ಹುಟ್ಟೋ ಮರಿಯ ರಕ್ತಸಂಬಂಧದ ಪ್ರಮಾಣ 25 ಪರ್ಸೆಂಟ್, ಒಂದ ಅಪ್ಪ ಬ್ಯಾರೆ ಅವ್ವ ಇರೋ ಅಣ್ಣ-ತಂಗಿ ಆದ್ರ 12.5. ಫ್ರಾಂಕೆಲ್ ಲೆಕ್ಕದಾಗ ನಾರ್ದರ್ನ್ ಡ್ಯಾನ್ಸರ್ ಒಬ್ಬನಿಂದ ಬರೋದು 1.5 ಪರ್ಸೆಂಟಿನ ಹತ್ರ, ಏನೂ ಅಲ್ಲ ಅನ್ನಬೇಕು ಅಷ್ಟು ಕಡಿಮಿ. ಆದ್ರ ಅದು ಒಂದ ಹೆಸರಿನ ಲೆಕ್ಕ. ಹಿಂದ ನಿಯರ್ಕೋ ಅದಾನ, ನೇಟಿವ್ ಡ್ಯಾನ್ಸರ್ ಅದಾನ, ನಟಾಲ್ಮಾಳ ಅವ್ವ ಅಲ್ಮಹ್ಮೂದ್ ಅದಾಳ. ಜಪಾನಿನ ಸಂಡೇ ಸೈಲೆನ್ಸ್ ನಾರ್ದರ್ನ್ ಡ್ಯಾನ್ಸರ್ ವಂಶ ಅಲ್ಲ ಅಂತ ತಂದು ಕೂಡಿಸಿದ್ರ ಅವನ ಅಪ್ಪ ಹೇಲೋ ಇದ ಅಲ್ಮಹ್ಮೂದ್ ಮಗಳ ಮಗ! ಬ್ಯಾರೆ ರಕ್ತ ಅಂತ ಹುಡುಕಿ ತಂದದ್ದೂ ಹಿಂದಿನ ಮನಿ ಒಂದ. ಐದು ತಲಿಮಾರಿನ ಚಾರ್ಟ್ ನೋಡಿದ್ರ ಇದು ಕಾಣಂಗಿಲ್ಲ, ಜೀನ್ ನೋಡಿದ್ರ ಕಾಣ್ತೈತಿ. ಆ 2020ರ ಅಧ್ಯಯನದಾಗ ಸುಮಾರು ಐದು ದಶಕದಾಗ ಒಳಸಂಬಂಧ (ಅದ ರಕ್ತಸಂಬಂಧದ ಪ್ರಮಾಣ) ಏರ್ಕೋತ ಬಂದದ್ದು ಸಿಕ್ತು. 2022ರಾಗ ಯುರೋಪು, ಆಸ್ಟ್ರೇಲಿಯಾದ 6,128 ಕುದುರಿ ನೋಡಿದಾಗ ಒಳಸಂಬಂಧ 10 ಪರ್ಸೆಂಟ್ ಹೆಚ್ಚಾದ್ರ ಆ ಕುದುರಿ ಜೀವನದಾಗ ಒಂದಾದ್ರೂ ಓಟ ಓಡೋ ಸಾಧ್ಯತಿ 7 ಪರ್ಸೆಂಟ್ ಕಡಿಮಿ ಅಂತ ಬಂತು. ಫ್ರಾಂಕೆಲ್ ಎಲ್ಲಾರ ಕಣ್ಣಿಗೆ ಬೀಳ್ತಾನ, ಓಡದ ಉಳಿದ ಮರಿ ಹೆಸರು ಯಾರ ಬಾಯಾಗೂ ಬರಂಗಿಲ್ಲ.

ಕುರಿಯಾಗ ಇದು ಇನ್ನ ಜಲ್ದಿ ಆಗ್ತೈತಿ. ಕುದುರಿ ಗಬ್ಬ ಹನ್ನೊಂದು ತಿಂಗಳು, ಕುರಿದು ಐದು, ಹೆಣ್ಣುಮರಿ ವರ್ಷದ ಮ್ಯಾಲ ಒಂದೆರಡು ತಿಂಗಳಿಗೆ ಬೆದಿಗೆ ಬರ್ತೈತಿ. ಟಗರು ಎರಡು ವರ್ಷ ದಾಟಿ ಅದ ಹಿಂಡಿನಾಗ ಉಳೀತು ಅಂದ್ರ ತನ್ನ ಮಕ್ಕಳನ್ನ ತಾನ ಏರ್ತೈತಿ, 25 ಪರ್ಸೆಂಟಿನ ಮರಿ ಬೀಳ್ತಾವ, ಸಣ್ಣ ಮರಿ, ಸಾಯೋ ಮರಿ, ಗಬ್ಬ ನಿಲ್ಲದ ಹೆಣ್ಣು ಅಂತ ಶುರು ಆಗ್ತೈತಿ. 25-30 ಹೆಣ್ಣಿಗೆ ಒಂದು ಟಗರು, ಎರಡು ವರ್ಷಕ್ಕ ಬದಲಿ, ಇದನ್ನ ಪಶು ವೈದ್ಯರು ಹೇಳ್ಕೋತನ ಬಂದಾರ. ನಾನು ಅದಕ್ಕ ಒಂದು ಸೇರಸ್ತೀನಿ: ಬದಲಿ ತರೋ ಟಗರು ಹಳೇದರ ಮಗನೋ ತಮ್ಮನೋ ಆಗಿದ್ರ ಅದು ಬದಲಿ ಅಲ್ಲ. ದೊಡ್ಡಪ್ಪ ಈ ಸಲ ಹತ್ರದ ಹಳ್ಳಿ ಬಿಟ್ಟು ಗಂಗಾವತಿ ಗುಡ್ಡದ ಕಡಿಂದ ಟಗರು ತಂದಾರ, ಅದರ ಅಪ್ಪ ಯಾರ ಹಿಂಡಿಂದು ಅಂತ ಕೇಳಿ, ಮೊಮ್ಮಗಳ ನೋಟ್‌ಬುಕ್ಕಿನಾಗ ಬರಸ್ಯಾರ.

ಕುದುರಿ ಮಂದಿ ತಮ್ಮ ಕಡೆ ಏನು ಮಾಡಿದ್ರು ಅನ್ನೋದು ಬಾಕಿ ಐತಿ. ನಾರ್ದರ್ನ್ ಡ್ಯಾನ್ಸರ್ ಕಾಲ ಮುಗಿದಮ್ಯಾಲ ಎರಡು ಬದಲಾವಣಿ ಬಂದ್ವು. ದವಾಖಾನಿ ಸೌಲಭ್ಯ ಹೆಚ್ಚಾಗಿ ಹೆಣ್ಣು ಬೆದಿಗೆ ಬರೋ ಸರಿಯಾದ ಹೊತ್ತು ಸ್ಕ್ಯಾನ್ ಮಾಡಿ ಹಿಡಿಯಾಕ ಬಂತು, ಒಂದ ಸಲಕ್ಕ ಗಬ್ಬ ಕಟ್ಟೋದು ಹೆಚ್ಚಾತು, ಒಂದು ಗಂಡಿಗೆ ವರ್ಷಕ್ಕ 150, 200 ಹೆಣ್ಣು ಬಿಡಾಕ ಹತ್ತಿದ್ರು. ಇನ್ನೊಂದು, ಫೆಬ್ರವರಿಯಿಂದ ಜೂನ್‌ತನಕ ಐರ್ಲೆಂಡಿನಾಗೋ ಅಮೆರಿಕದಾಗೋ ದುಡಿಸಿ ವಿಮಾನದಾಗ ಆಸ್ಟ್ರೇಲಿಯಾಕ್ಕ ಒಯ್ದು ಸೆಪ್ಟೆಂಬರಿನಿಂದ ಅಲ್ಲಿ ಎರಡನೇ ಸೀಸನ್ ಮಾಡಸೋದು, ಡೇನ್‌ಹಿಲ್ ಈ ಪದ್ಧತಿಯ ದೊಡ್ಡ ಹೆಸರು. ಅಜ್ಜ ಜೀವಮಾನದಾಗ ಕೊಟ್ಟಷ್ಟು ಮರಿ ಮೊಮ್ಮಗ ನಾಕೈದು ವರ್ಷದಾಗ ಕೊಟ್ಟ.

2020ರಾಗ ಅಮೆರಿಕದ ಸ್ಟಡ್ ಬುಕ್ ಇಡೋ ಜಾಕಿ ಕ್ಲಬ್ಬು ಒಂದು ನಿಯಮ ತಂತು: ಆ ವರ್ಷದಿಂದ ಮುಂದ ಹುಟ್ಟಿದ ಯಾವ ಬೀಜದ ಕುದುರಿಗೂ ವರ್ಷಕ್ಕ 140 ಹೆಣ್ಣಿಗಿಂತ ಹೆಚ್ಚು ಬಿಡಂಗಿಲ್ಲ, ಕುಲದ ವೈವಿಧ್ಯ ಉಳೀಬೇಕು ಅಂತ. ದೊಡ್ಡ ಸ್ಟಡ್ ಫಾರ್ಮುಗಳು ಕೋರ್ಟಿಗೆ ಹೋದ್ವು, ಕೆಂಟಕಿ ಶಾಸನಸಭಾದಾಗೂ ಇದರ ವಿರುದ್ಧ ಬಿಲ್ ಬಂತು, 2022ರ ಫೆಬ್ರವರಿಯಾಗ ಕ್ಲಬ್ಬು ನಿಯಮ ವಾಪಸ್ ತಗೊಂತು. ಅದು ಉಳೀಬೇಕಿತ್ತು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಚೊಲೋ ಕುದುರಿಗೆ ಮಿತಿ ಹಾಕಿದ್ರ ಕುಲ ಹಿಂದ ಬೀಳ್ತೈತಿ ಅಂತ ವಾದ ಮಾಡೋರಿಗೆ ಈ ಪ್ರಕರಣದಾಗನ ಉತ್ತರ ಐತಿ, 140ರ ಮಿತಿ 1965ರಾಗ ಇದ್ದಿದ್ರೂ ನಾರ್ದರ್ನ್ ಡ್ಯಾನ್ಸರ್‌ನ ಒಂದು ಮರಿನೂ ಕಡಿಮಿ ಆಗ್ತಿರಲಿಲ್ಲ, ನಿಜಿನ್ಸ್ಕಿನೂ ಹುಟ್ಟತಿದ್ದ, ಡ್ಯಾನ್ಜಿಗೂ ಹುಟ್ಟತಿದ್ದ, ಸ್ಯಾಡ್ಲರ್ಸ್ ವೆಲ್ಸೂ ಹುಟ್ಟತಿದ್ದ. ತಡೆ ಬೀಳ್ತಿದ್ದದ್ದು ಈಗ ವರ್ಷಕ್ಕ 200 ಹೆಣ್ಣು ಕಾಣೋ ಅವನ ಮರಿಮೊಮ್ಮಕ್ಕಳಿಗೆ, ಆ ಉಳಿದ ಅರವತ್ತು ಹೆಣ್ಣು ಬ್ಯಾರೆ ಗಂಡಿನ ಫಾರ್ಮಿಗೆ ಹೋಗ್ತಿದ್ವು.